ಇಡ್ಲಿ ಗಾಡಿಗೆ ನೋಂದಣಿ ಬೇಕು, ಸಿಗರೇಟಿಗೆ ಬೇಡವೇ?

ಬೆಳಿಗ್ಗೆ ಏಳೂವರೆ. ನಮ್ಮ ಬಡಾವಣೆಯ ಬೇಕರಿ ಮುಂದೆ ಹಾಲಿನ ಕ್ರೇಟುಗಳು ಇನ್ನೂ ಹೊರಗೇ ಇದ್ದವು. ಹತ್ತು ವರ್ಷದ ಒಬ್ಬ ಹುಡುಗ ನೋಟು ಹಿಡಿದುಕೊಂಡು ಬಂದ. "ಅಂಕಲ್, ಒಂದು ಹಾಲು, ಅಪ್ಪಂಗೆ ಒಂದು ಪ್ಯಾಕು." ಯಾವ ಪ್ಯಾಕು ಅಂತ ಅಂಗಡಿಯವರು ಕೇಳಲಿಲ್ಲ. ಅವರಿಗೆ ಗೊತ್ತು. ಹಿಂದಿನ ಶೆಲ್ಫಿನಿಂದ ತೆಗೆದು, ಹಾಲಿನ ಜೊತೆ ಅದೇ ಚೀಲಕ್ಕೆ ಹಾಕಿದರು. ಚಿಲ್ಲರೆ ಇರಲಿಲ್ಲ, ಎರಡು ಚಾಕ್ಲೇಟ್ ಕೊಟ್ಟರು. ಹುಡುಗ ಒಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಓಡಿದ.

ಆ ಅಂಗಡಿಯವರನ್ನು ನಾನು ತುಂಬಾ ವರ್ಷಗಳಿಂದ ಬಲ್ಲೆ. ಒಳ್ಳೆಯ ಮನುಷ್ಯ. ಹುಡುಗನ ಅಪ್ಪನೂ ಪರಿಚಯದವರೇ. ಮಗುವಿನ ಕೈಗೆ ಸಿಗರೇಟು ಕೊಡಬೇಕು ಅನ್ನುವ ಯೋಚನೆ ಇಬ್ಬರಿಗೂ ಇರಲಿಲ್ಲ. ಹಾಲು, ಬ್ರೆಡ್ಡು ತರುವ ಹಾಗೆ ಅದೂ ಮನೆಗೆ ತರುವ ಒಂದು ಸಾಮಾನು. ನನ್ನನ್ನು ಕಾಡಿದ್ದು ಅದೇ.

ಕಾನೂನಿನ ಪ್ರಕಾರ ಅಲ್ಲಿ ನಡೆದದ್ದು ತಪ್ಪು. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. ಅಪ್ಪನಿಗೆ ಅಂದರೂ ಅಷ್ಟೇ, ಅಜ್ಜನಿಗೆ ಅಂದರೂ ಅಷ್ಟೇ. ಆದರೆ ಆ ತಪ್ಪನ್ನು ಹಿಡಿಯುವವರು ಯಾರು? ಹಿಡಿದರೂ ಆ ಅಂಗಡಿಗೆ ಆಗುವ ನಷ್ಟ ಏನು? ತಂಬಾಕು ಮಾರುವವರಿಗೆ ಲೈಸೆನ್ಸ್ ಬೇಕು ಅನ್ನುವ ಮಾತು ಶುರುವಾಗುವುದು ಈ ಎರಡು ಪ್ರಶ್ನೆಗಳಿಂದ.

ಕಾನೂನು ಬೇಕಾದಷ್ಟಿದೆ

ಸಿಗರೇಟು ಮತ್ತು ಇತರೆ ತಂಬಾಕು ಉತ್ಪನ್ನಗಳ ಕಾಯ್ದೆ ಬಂದದ್ದು 2003ರಲ್ಲಿ. ಎಲ್ಲರೂ ಕೋಟ್ಪಾ ಅಂತಲೇ ಕರೆಯುತ್ತಾರೆ. ಸಾರ್ವಜನಿಕ ಜಾಗದಲ್ಲಿ ಸೇದಬಾರದು, ಜಾಹೀರಾತು ಹಾಕಬಾರದು, 18 ವರ್ಷದೊಳಗಿನವರಿಗೆ ಮಾರಬಾರದು, ಶಾಲೆ ಕಾಲೇಜಿನಿಂದ ನೂರು ಗಜದೊಳಗೆ ಮಾರಬಾರದು ಅಂತ ಅದು ಹೇಳಿತು. 18 ವರ್ಷದೊಳಗಿನವರಿಗೆ ಮಾರುವುದು ಅಪರಾಧ ಅನ್ನುವ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬೋರ್ಡನ್ನು ಅಂಗಡಿಯಲ್ಲಿ ಕಾಣುವ ಹಾಗೆ ಹಾಕಬೇಕು ಅಂತ ನಿಯಮವೂ ಬಂತು. ನಿಮ್ಮ ಬೀದಿಯ ಅಂಗಡಿಯಲ್ಲಿ ಆ ಬೋರ್ಡು ನೋಡಿದ ನೆನಪು ಇದೆಯಾ?

ಕರ್ನಾಟಕ ಇನ್ನೂ ಮುಂದೆ ಹೋಯಿತು. 2013ರಲ್ಲಿ ಗುಟ್ಕಾ ನಿಷೇಧ ಮಾಡಿತು. 2017ರಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿ ಮಾರಾಟ ಬೇಡ ಅಂತ ಅಧಿಸೂಚನೆ ಹೊರಡಿಸಿತು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಕೋಟ್ಪಾಗೆ ರಾಜ್ಯದ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ, 2025ರ ಮೇ ಕೊನೆಗೆ ಅದು ಜಾರಿಗೆ ಬಂತು. ಹುಕ್ಕಾ ಬಾರ್‌ಗಳು ಬಂದ್ ಆದವು. ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಮಾರಾಟದ ನಿಷೇಧ ಕಾಯ್ದೆಯ ಒಳಗೇ ಬಂತು. ಶಾಲೆ ಕಾಲೇಜಿನಿಂದ ನೂರು ಮೀಟರ್ ಒಳಗೆ ಮಾರಾಟ ಇಲ್ಲ. 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಹೋಯಿತು.

ಓದಿದರೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಸಂಜೆ ಐದಕ್ಕೆ ಯಾವುದೇ ಟೀ ಅಂಗಡಿ ಮುಂದೆ ನಿಂತು ನೋಡಿ. "ಅಣ್ಣ, ಒಂದು ಟೀ, ಒಂದು ಕಿಂಗ್." ಪ್ಯಾಕು ತೆರೆದು ಒಂದು ಕಡ್ಡಿ ತೆಗೆದು ಕೊಡುತ್ತಾರೆ. ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರ್ ಇದೆ. ಅಲ್ಲಿ ನಿಂತ ಕಾಲೇಜು ಹುಡುಗರಲ್ಲಿ 21 ದಾಟಿದವರು ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ.

ಬಿಡಿ ಸಿಗರೇಟಿನ ವಿಷಯ ಸುಮ್ನೆ ಸಣ್ಣದು ಅಂದುಕೊಳ್ಳಬೇಡಿ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅನ್ನುವ ನಿಯಮಕ್ಕಾಗಿ ದೊಡ್ಡ ಹೋರಾಟವೇ ನಡೆದಿದೆ. ನಮ್ಮದೇ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತ್ತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹೀಗೆ ಉಳಿದ ಚಿತ್ರವನ್ನು ಬಿಡಿಯಾಗಿ ಕೊಳ್ಳುವವರು ನೋಡುವುದೇ ಇಲ್ಲ. ಪ್ಯಾಕು ಅಂಗಡಿಯವರ ಕೈಯಲ್ಲೇ ಉಳಿಯುತ್ತದೆ. ಜೇಬಿನಲ್ಲಿ ಹತ್ತಿಪ್ಪತ್ತು ರೂಪಾಯಿ ಇರುವ ಹುಡುಗನಿಗೆ ಪೂರ್ತಿ ಪ್ಯಾಕು ಕೊಳ್ಳಲು ಆಗದು, ಒಂದು ಕಡ್ಡಿ ಕೊಳ್ಳಲು ಆಗುತ್ತದೆ. ಶುರುವಾಗುವುದೇ ಹಾಗೆ.

ಹೆಸರೇ ಬರೆದಿಲ್ಲದ ವ್ಯಾಪಾರ

ಒಂದು ಸಂಜೆ ಮನೆಯಿಂದ ಬಸ್ ಸ್ಟಾಪಿನವರೆಗೆ ಎಣಿಸುತ್ತಾ ಹೋದೆ. ಹತ್ತು ನಿಮಿಷದ ದಾರಿ. ಸಿಗರೇಟು ಸಿಗುವ ಅಂಗಡಿ ಒಂಬತ್ತು. ಎರಡು ಬೀಡಾ ಅಂಗಡಿ, ಎರಡು ಕಾಂಡಿಮೆಂಟ್ಸ್, ಒಂದು ಬೇಕರಿ, ಎರಡು ಟೀ ಅಂಗಡಿ, ಒಂದು ಪ್ರಾವಿಜನ್ ಸ್ಟೋರ್, ಒಂದು ಜ್ಯೂಸ್ ಸೆಂಟರ್. ಅದೇ ದಾರಿಯಲ್ಲಿ ಹಾಲು ಸಿಗುವುದು ಮೂರು ಕಡೆ. ಔಷಧಿ ಒಂದು ಕಡೆ.

ಈ ಒಂಬತ್ತರಲ್ಲಿ ಒಬ್ಬರೂ ತಂಬಾಕು ಮಾರಲು ಕೋಟ್ಪಾ ಪ್ರಕಾರ ಹೆಸರು ಬರೆಸಬೇಕಿಲ್ಲ. ಏನು ಮಾರಬಾರದು, ಯಾರಿಗೆ ಮಾರಬಾರದು, ಎಲ್ಲಿ ಮಾರಬಾರದು ಅಂತೆಲ್ಲ ಹೇಳುವ ಕಾಯ್ದೆ, ಮಾರುವವರು ಯಾರು ಅಂತ ಕೇಳಿಲ್ಲ. ಬೀದಿ ಬದಿ ಇಡ್ಲಿ ಮಾರುವ ಅಮ್ಮನಿಗೆ ಆಹಾರ ಸುರಕ್ಷತಾ ಕಾನೂನಿನಡಿ ನೋಂದಣಿ ಬೇಕು. ಔಷಧಿ ಅಂಗಡಿಗೆ ಲೈಸೆನ್ಸ್ ಬೇಕು, ಜೊತೆಗೆ ಓದಿದ ಫಾರ್ಮಸಿಸ್ಟ್ ಬೇಕು. ದೀಪಾವಳಿಗೆ ನಾಲ್ಕು ದಿನ ಪಟಾಕಿ ಮಾರಲೂ ತಾತ್ಕಾಲಿಕ ಪರವಾನಗಿ ಬೇಕು. ವೈನ್ ಶಾಪ್ ಬಗ್ಗೆ ಹೇಳುವುದೇ ಬೇಡ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಹಾಕುವ ಬಣ್ಣದ ಮೇಲೆ ಸರ್ಕಾರ ನಿಷೇಧ ಹೇರಿದ್ದು ನೆನಪಿದೆಯಲ್ವಾ? ಮುಂದಿನ ವರ್ಷ ಇಡ್ಲಿ ಬೇಯಿಸುವ ಪ್ಲಾಸ್ಟಿಕ್ ಹಾಳೆ ಬೇಡ ಅಂತ ಹೇಳಿತು. ಎರಡೂ ಸರಿಯಾದ ಕೆಲಸವೇ. ಆಹಾರ ಇಲಾಖೆಯವರು ಅಂಗಡಿಗಳಿಗೆ ಹೋಗಿ ಮಾದರಿ ತಂದು ಪರೀಕ್ಷೆ ಮಾಡಿಸಿದ್ದರಿಂದಲೇ ಅದು ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಯುತ್ತಾರೆ. ಅಷ್ಟು ಜನರನ್ನು ಕೊಲ್ಲುವ ಸಾಮಾನನ್ನು ಮಾರಲು ಗೋಬಿ ಗಾಡಿಯಷ್ಟೂ ಲೆಕ್ಕಪತ್ರ ಬೇಡ ಅನ್ನುವುದನ್ನು ನನಗೆ ಒಪ್ಪಲು ಆಗುತ್ತಿಲ್ಲ.

ಅಂಗಡಿಗಳ ಲೆಕ್ಕ ಇಟ್ಟುಕೊಂಡವರೇ ಇಲ್ಲ ಅಂತಲ್ಲ. ವಾರಕ್ಕೆ ಒಂದೆರಡು ಸಲ ಬೈಕಿನಲ್ಲಿ ಸಿಗರೇಟಿನ ಸೇಲ್ಸ್‌ಮನ್ ಒಬ್ಬ ನಮ್ಮ ಬೇಕರಿಗೆ ಬರುತ್ತಾನೆ. ಅವನ ಫೋನಿನಲ್ಲಿ ಅಂಗಡಿಗಳ ಪಟ್ಟಿ ಇದೆ. ಹೋದ ವಾರ ಎಷ್ಟು ತಗೊಂಡರು, ಯಾವುದು ಓಡುತ್ತಿದೆ, ಯಾವುದು ಉಳಿದಿದೆ, ಎಲ್ಲ ಅದರಲ್ಲಿದೆ. ಆ ಗಲ್ಲಿಯ ತುದಿಯ ಗೂಡಂಗಡಿಯೂ ಅವನಿಗೆ ಗೊತ್ತು. ಶೆಲ್ಫಿನಲ್ಲಿ ಯಾವ ಪ್ಯಾಕು ಕಣ್ಣೆತ್ತರಕ್ಕೆ ಇರಬೇಕು ಅಂತ ಹೇಳಿ ಹೋಗುತ್ತಾನೆ. ಮಾರುವವರಿಗೆ ಅಷ್ಟು ನಿಖರವಾಗಿ ಗೊತ್ತಿರುವ ಲೆಕ್ಕವನ್ನು, ಜನರ ಆರೋಗ್ಯ ನೋಡಿಕೊಳ್ಳುವವರು ಕೇಳಿ ಪಡೆಯುವ ದಾರಿ ಕೋಟ್ಪಾದಲ್ಲಿ ಇಲ್ಲ.

ಲೈಸೆನ್ಸ್ ಅಂದರೆ ಮೊದಲಿಗೆ ಇಷ್ಟೇ: ಒಂದು ಪಟ್ಟಿ. ಇಂಥ ವಾರ್ಡು, ಇಂಥ ರಸ್ತೆ, ಇಂಥ ಅಂಗಡಿ, ಇಂಥ ನಂಬರು. ಎರಡನೆಯದು ಷರತ್ತು. 21 ವರ್ಷದೊಳಗಿನವರಿಗೆ ಇಲ್ಲ, ಬಿಡಿ ಇಲ್ಲ, ಜಾಹೀರಾತು ಬೋರ್ಡು ಇಲ್ಲ. ಮೂರನೆಯದೇ ಮುಖ್ಯ. ಷರತ್ತು ಮುರಿದರೆ ಲೈಸೆನ್ಸ್ ಹೋಗುತ್ತದೆ.

ಈಗ ದಂಡ ಕಟ್ಟಿದ ಮರುದಿನವೇ ವ್ಯಾಪಾರ ಮುಂದುವರಿಯುತ್ತದೆ. ಚೆನ್ನಾಗಿ ಓಡುವ ಟೀ ಅಂಗಡಿಗೆ ಸಾವಿರ ರೂಪಾಯಿ ದೊಡ್ಡ ಮೊತ್ತ ಅಲ್ಲ. ಇನ್ನೊಂದು ತೊಂದರೆ ಇದೆ. ಅಂಗಡಿಗೆ ನಂಬರೇ ಇಲ್ಲದಿದ್ದರೆ, ಹೋದ ವರ್ಷ ಇವರೇ ಇದೇ ತಪ್ಪು ಮಾಡಿದ್ದರಾ ಅಂತ ತಿಳಿಯುವುದು ಹೇಗೆ? ಒಂದು ಸಲ ಪೊಲೀಸರು ದಂಡ ಹಾಕಿರಬಹುದು, ಇನ್ನೊಂದು ಸಲ ಆರೋಗ್ಯ ಇಲಾಖೆಯವರು. ಎರಡು ರಸೀದಿ ಪುಸ್ತಕ ಒಂದನ್ನೊಂದು ನೋಡುವುದಿಲ್ಲ. ಹಾಗಾಗಿ ಪ್ರತಿ ತಪ್ಪೂ ಮೊದಲ ತಪ್ಪೇ. ಲೈಸೆನ್ಸ್ ನಂಬರು ಇದ್ದರೆ ಲೆಕ್ಕ ಕೂಡುತ್ತಾ ಹೋಗುತ್ತದೆ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಒಂದು ತಿಂಗಳು ಬಂದ್, ಮೂರನೇ ಸಲ ರದ್ದು ಅಂತ ಇಡಬಹುದು. ಒಂದು ತಿಂಗಳು ಸಿಗರೇಟು ಇಲ್ಲ ಅಂದರೆ ಆ ಅಂಗಡಿಯ ಟೀ ವ್ಯಾಪಾರವೂ ಬೀಳುತ್ತದೆ. ಆ ಭಯ ಸಾವಿರ ರೂಪಾಯಿಯ ದಂಡಕ್ಕೆ ಇಲ್ಲ.

ನಮ್ಮ ಬೇಕರಿಯವರನ್ನೇ ಒಮ್ಮೆ ಕೇಳಿದೆ, ಹುಡುಗರಿಗೆ ಯಾಕೆ ಕೊಡ್ತೀರಿ ಅಂತ. ಅವರು ಕೋಪ ಮಾಡಿಕೊಳ್ಳಲಿಲ್ಲ. "ನಾನು ಇಲ್ಲ ಅಂದ್ರೆ ಪಕ್ಕದ ಅಂಗಡೀಲಿ ತಗೋತಾರೆ ಸಾರ್. ಸಿಗರೇಟು ಜೊತೆ ಪಫ್ಸು, ಟೀ ಎಲ್ಲ ಅಲ್ಲೇ ಹೋಗುತ್ತೆ. ಎಲ್ಲರಿಗೂ ಒಂದೇ ರೂಲ್ಸ್ ಮಾಡ್ಲಿ, ನಾನೂ ಇಲ್ಲ ಅಂತೀನಿ." ಈ ಮಾತಿನಲ್ಲಿ ತುಂಬಾ ಅರ್ಥ ಇದೆ. ರೂಲ್ಸ್ ಈಗಲೂ ಎಲ್ಲರಿಗೂ ಒಂದೇ. ಆದರೆ ಪಾಲಿಸಿದವರಿಗೆ ನಷ್ಟ, ಮುರಿದವರಿಗೆ ಲಾಭ. ಅದು ತಿರುಗುಮುರುಗಾಗಬೇಕು.

ಬೇರೆ ಊರುಗಳಲ್ಲಿ ಏನಾಯಿತು

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ತಂಬಾಕು ಲೈಸೆನ್ಸ್ ಮೊದಲಿನಿಂದ ಇತ್ತು. ಶುಲ್ಕ ವರ್ಷಕ್ಕೆ 12.90 ಡಾಲರ್. 2007ರಲ್ಲಿ ಅದನ್ನು 200 ಡಾಲರ್‌ಗೆ ಏರಿಸಿದರು. ಮುಂದಿನ ಎರಡು ಮೂರು ವರ್ಷದಲ್ಲಿ ಲೈಸೆನ್ಸ್‌ಗಳ ಸಂಖ್ಯೆ ಸುಮಾರು ಕಾಲು ಭಾಗ ಇಳಿಯಿತು. ಯಾರನ್ನೂ ಬಲವಂತವಾಗಿ ಮುಚ್ಚಿಸಲಿಲ್ಲ. ಇಷ್ಟು ಕೊಟ್ಟು ಇದನ್ನು ಮಾರಬೇಕಾ ಅಂತ ಅಂಗಡಿಯವರೇ ಲೆಕ್ಕ ಹಾಕಿದರು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ 2014ರಲ್ಲಿ ಬೇರೆ ದಾರಿ ಹಿಡಿಯಿತು. ನಗರದ 11 ವಿಭಾಗಗಳಲ್ಲಿ ಒಂದೊಂದಕ್ಕೂ 45 ತಂಬಾಕು ಪರವಾನಗಿಗಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಿತು. ಆದರೆ ಆಗ ವ್ಯಾಪಾರ ಮಾಡುತ್ತಿದ್ದ ಯಾರನ್ನೂ ಎಬ್ಬಿಸಲಿಲ್ಲ. ಅವರು ಬಿಟ್ಟಾಗ ಆ ಜಾಗಕ್ಕೆ ಹೊಸ ಪರವಾನಗಿ ಕೊಡುವುದಿಲ್ಲ, ಅಷ್ಟೇ. ವರ್ಷಗಳು ಕಳೆದ ಹಾಗೆ ಸಂಖ್ಯೆ ತಾನಾಗಿ ಇಳಿಯುತ್ತಾ ಬಂತು. ಫಿಲಡೆಲ್ಫಿಯಾ ನಗರ ಸಾವಿರ ಜನಕ್ಕೆ ಒಂದು ಅಂಗಡಿ ಅನ್ನುವ ಲೆಕ್ಕ ಇಟ್ಟುಕೊಂಡಿತು, ಶಾಲೆಯಿಂದ 500 ಅಡಿ ಒಳಗೆ ಹೊಸದು ಬೇಡ ಅಂತಲೂ ಹೇಳಿತು.

ದಕ್ಷಿಣ ಕ್ಯಾಲಿಫೋರ್ನಿಯಾದ ಊರುಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಅಲ್ಲಿ ಕೆಲವು ಊರುಗಳಲ್ಲಿ ಲೈಸೆನ್ಸ್ ನಿಯಮ ಬಿಗಿ, ಕೆಲವಲ್ಲಿ ಸಡಿಲ. ಬಿಗಿ ಅಂದರೆ, ಅಂಗಡಿಯಿಂದ ಬರುವ ಶುಲ್ಕದಲ್ಲೇ ತಪಾಸಣೆಯ ಖರ್ಚು ಹುಟ್ಟಬೇಕು, ತಪ್ಪಿಗೆ ಲೈಸೆನ್ಸ್ ಅಮಾನತು ಆಗಬೇಕು. ಬಿಗಿ ಇದ್ದ ಊರುಗಳ ಹದಿಹರೆಯದವರಲ್ಲಿ ಸಿಗರೇಟು ಹಿಡಿದವರು ಕಡಿಮೆ ಇದ್ದರು. ಇಂಥ ಹೋಲಿಕೆಯಲ್ಲಿ ಬೇರೆ ಕಾರಣಗಳೂ ಸೇರಿರಬಹುದು, ಅದನ್ನು ಒಪ್ಪಬೇಕು. ಆದರೂ ಒಂದು ವಿಷಯ ಸ್ಪಷ್ಟ. ಕಾಗದದ ಲೈಸೆನ್ಸ್ ಸಾಲದು. ತಪಾಸಣೆಗೆ ಜನ ಬೇಕು, ಆ ಜನಕ್ಕೆ ಸಂಬಳ ಬೇಕು.

ಹಂಗೇರಿಯ ಕಥೆ ನಾವು ಎಚ್ಚರಿಕೆಯಿಂದ ಓದಬೇಕಾದದ್ದು. 2013ರಲ್ಲಿ ಅಲ್ಲಿ ತಂಬಾಕು ಮಾರುವ ಅಂಗಡಿಗಳನ್ನು ಸುಮಾರು 40 ಸಾವಿರದಿಂದ ಏಳು ಸಾವಿರದ ಆಸುಪಾಸಿಗೆ ಇಳಿಸಿದರು. ಸಾಮಾನ್ಯ ಅಂಗಡಿಯಲ್ಲಿ ಸಿಗರೇಟೇ ಇಲ್ಲ, ಅದಕ್ಕೇ ಬೇರೆ ಅಂಗಡಿ, ಮಕ್ಕಳಿಗೆ ಪ್ರವೇಶ ಇಲ್ಲ. ಆದರೆ ಆ ಪರವಾನಗಿಗಳು ಆಡಳಿತ ಪಕ್ಷದ ಹತ್ತಿರದವರಿಗೇ ಸಿಕ್ಕವು ಅನ್ನುವ ಆರೋಪ ಜೋರಾಗಿ ಕೇಳಿಬಂತು. ಪರವಾನಗಿ ಕಡಿಮೆ ಆದಷ್ಟೂ ಅದರ ಬೆಲೆ ಏರುತ್ತದೆ. ಬೆಲೆ ಏರಿದ ಕಡೆ ಮಧ್ಯವರ್ತಿ ಹುಟ್ಟುತ್ತಾನೆ. ನ್ಯೂಜಿಲೆಂಡ್ 2022ರಲ್ಲಿ ಆರು ಸಾವಿರ ಅಂಗಡಿಗಳನ್ನು 600ಕ್ಕೆ ಇಳಿಸುವ ಕಾನೂನು ಮಾಡಿತು. ಸರ್ಕಾರ ಬದಲಾಯಿತು, ಅದು ಜಾರಿಗೆ ಬರುವ ಮೊದಲೇ 2024ರಲ್ಲಿ ರದ್ದಾಯಿತು.

ಅಂಗಡಿ ಕಡಿಮೆ ಆದರೆ ಸೇದುವವರು ಕಡಿಮೆ ಆಗುತ್ತಾರಾ, ಇನ್ನೊಂದು ಬೀದಿಗೆ ನಡೆದು ಹೋಗಲ್ವಾ ಅಂತ ಕೇಳುತ್ತಾರೆ. ಚಟ ಬಲಿತವರು ಹೋಗುತ್ತಾರೆ. ಆದರೆ ಬಿಡಬೇಕು ಅಂತ ಒದ್ದಾಡುವವರನ್ನು ಕೇಳಿ ನೋಡಿ. ಬಿಟ್ಟ ಮೂರನೇ ದಿನ, ಆಫೀಸಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಅಂಗಡಿ. ಟೀ ಕುಡಿಯಲು ಹೋದರೆ ಪಕ್ಕದಲ್ಲೇ ಪ್ಯಾಕು. ಮನೆಗೆ ತಿರುಗುವ ಮೂಲೆಯಲ್ಲಿ ಇನ್ನೊಂದು. ದಿನಕ್ಕೆ ಹತ್ತು ಸಲ ಬೇಡ ಅನ್ನಬೇಕು, ಒಂದು ಸಲ ಸೋತರೂ ಹೋಯಿತು. ನನ್ನ ಗೆಳೆಯನೊಬ್ಬ ಬಿಡುವಾಗ ಮೂರು ತಿಂಗಳು ದಾರಿಯನ್ನೇ ಬದಲಿಸಿಕೊಂಡಿದ್ದ. ಒಂಬತ್ತು ಅಂಗಡಿ ಇರುವ ದಾರಿ ಬಿಟ್ಟು, ಸುತ್ತಿಕೊಂಡು ನಾಲ್ಕು ಇರುವ ದಾರಿಯಲ್ಲಿ ಬರುತ್ತಿದ್ದ. ನಿಮ್ಹಾನ್ಸ್‌ನಲ್ಲಿ ನಡೆಯುವ ಕ್ವಿಟ್‌ಲೈನ್ ಕೇಂದ್ರಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿ ಧೈರ್ಯ ಹೇಳುತ್ತಾರೆ, ನಂಬರು 1800-11-2356. ಆ ಫೋನ್ ಇಟ್ಟು ಹೊರಗೆ ಬಂದಾಗ ಬೀದಿಯೂ ಸ್ವಲ್ಪ ಸಹಾಯ ಮಾಡಬೇಕಲ್ಲ.

ಮಕ್ಕಳ ವಿಷಯ ಬೇರೆಯೇ. 2019ರಲ್ಲಿ ದೇಶದ ಶಾಲೆಗಳಲ್ಲಿ 13ರಿಂದ 15 ವರ್ಷದವರ ಸಮೀಕ್ಷೆ ನಡೆಯಿತು. ಶೇ 8.5ರಷ್ಟು ಮಕ್ಕಳು ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದಿದ್ದ ಮಕ್ಕಳಲ್ಲಿ ಶೇ 38ರಷ್ಟು ಜನ ಹತ್ತು ತುಂಬುವ ಮೊದಲೇ ಮೊದಲ ದಮ್ ಎಳೆದಿದ್ದರು. ಕರ್ನಾಟಕದ ಅಂಕಿ ದೇಶದ ಸರಾಸರಿಗಿಂತ ತುಂಬಾ ಕಡಿಮೆ ಇತ್ತು. ಸಂತೋಷ. ಕಡಿಮೆ ಇರುವಾಗಲೇ ಕಾಯ್ದುಕೊಳ್ಳುವುದು ಸುಲಭ.

ಬೀಡಾ ಅಂಗಡಿಯಲ್ಲ, ಬೇಕರಿ

ಲೈಸೆನ್ಸ್ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಸ್ಥಳೀಯ ಸಂಸ್ಥೆಗಳ ಮೂಲಕ ತಂಬಾಕು ಅಂಗಡಿಗಳಿಗೆ ಅನುಮತಿ ಪದ್ಧತಿ ತನ್ನಿ, ಹಾಗೆ ಅನುಮತಿ ಪಡೆದ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್, ಚಾಕ್ಲೇಟ್, ತಂಪು ಪಾನೀಯ ಇರಬಾರದು ಅಂತ ಸಲಹೆ ಕೊಟ್ಟಿತು. ಅದಕ್ಕೂ ಮೊದಲೇ, 2016ರಲ್ಲಿ, ಹಿಮಾಚಲ ಪ್ರದೇಶ ತಂಬಾಕಿನ ಚಿಲ್ಲರೆ ವ್ಯಾಪಾರ ನಿಯಂತ್ರಿಸಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. ತಂಬಾಕಿನ ಕಳ್ಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಚಿಲ್ಲರೆ ಮಾರಾಟಕ್ಕೂ ಪರವಾನಗಿ ತರಲು ಪ್ರಯತ್ನಿಸಿ ಅಂತ ಅದರಲ್ಲೂ ಇದೆ.

ತಂಬಾಕಿನ ಜೊತೆ ಬಿಸ್ಕತ್ತು ಬೇಡ ಅನ್ನುವ ಸಲಹೆ ಕೇಳಿ ಬೆಂಗಳೂರಿನ ಅಂಗಡಿಯವರಿಗೆ ಎದೆ ಧಸಕ್ ಅನ್ನುತ್ತದೆ. ನಮ್ಮ ಕಾಂಡಿಮೆಂಟ್ಸ್ ಅಂಗಡಿಗಳೇ ಅದರ ಮೇಲೆ ನಿಂತಿವೆ. ಒಂದು ಕಡೆ ಚಕ್ಕುಲಿ, ಕೋಡುಬಳೆ, ಇನ್ನೊಂದು ಕಡೆ ಸಿಗರೇಟು. ಒಂದೇ ದಿನ ಎಲ್ಲರಿಗೂ ಜಾರಿ ಮಾಡಿದರೆ ಯಾರೂ ಪಾಲಿಸುವುದಿಲ್ಲ, ಕಾನೂನಿಗೇ ಮರ್ಯಾದೆ ಹೋಗುತ್ತದೆ. ಆದರೆ ಆ ಸಲಹೆಯ ತಿರುಳು ಸರಿ ಅಂತಲೇ ನನ್ನ ಅಭಿಪ್ರಾಯ. ಅದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಪ್ರಶ್ನೆ.

ತಂಬಾಕು ಅಂದ ಕೂಡಲೇ ನಮ್ಮ ಕಣ್ಣು ಹೋಗುವುದು ಬೀಡಾ ಅಂಗಡಿಗೆ. ಆದರೆ ಬೀಡಾ ಅಂಗಡಿಗೆ ಹೋಗುವವರು ಹೆಚ್ಚಾಗಿ ದೊಡ್ಡವರು. ಮಕ್ಕಳು ನಿಲ್ಲುವುದು ಬೇಕರಿ ಮುಂದೆ, ಪ್ರಾವಿಜನ್ ಸ್ಟೋರ್ ಮುಂದೆ. ಪೆನ್ಸಿಲ್ ಕೊಳ್ಳುವ ಕಡೆ, ಕೇಕ್ ಕೊಳ್ಳುವ ಕಡೆ. ಅಲ್ಲಿ ಕ್ರೀಮ್ ಬನ್ ಡಬ್ಬಿಯ ಹಿಂದೆ ಬಣ್ಣಬಣ್ಣದ ಪ್ಯಾಕು ಸಾಲಾಗಿ ಕಂಡರೆ, ಅದೂ ತಿನ್ನುವ ಸಾಮಾನಿನ ಹಾಗೆ ದಿನನಿತ್ಯದ್ದು ಅಂತ ಮಗು ಕಲಿಯುತ್ತದೆ. ನೆದರ್‌ಲ್ಯಾಂಡ್ಸ್ 2024ರ ಜುಲೈನಿಂದ ಸೂಪರ್‌ಮಾರ್ಕೆಟ್‌ಗಳಲ್ಲಿ ತಂಬಾಕು ಮಾರಾಟ ನಿಲ್ಲಿಸಿತು. ಮನೆ ಸಾಮಾನು ಕೊಳ್ಳುವ ಜಾಗ ಬೇರೆ, ಇದು ಸಿಗುವ ಜಾಗ ಬೇರೆ ಅನ್ನುವುದೇ ಅದರ ಹಿಂದಿನ ಯೋಚನೆ.

ಹಾಗಾಗಿ ಬೆಂಗಳೂರಿನಲ್ಲಿ ಮೊದಲು ಬೇಕರಿ, ಪ್ರಾವಿಜನ್ ಸ್ಟೋರ್, ಸ್ಟೇಷನರಿ ಅಂಗಡಿ, ಜ್ಯೂಸ್ ಸೆಂಟರ್‌ಗಳಿಗೆ ತಂಬಾಕು ಲೈಸೆನ್ಸ್ ಕೊಡುವುದು ಬೇಡ. ಬಿಡಲು ಒಂದು ವರ್ಷ ಸಮಯ ಕೊಡಲಿ. ಇವರಿಗೆ ಸಿಗರೇಟು ಮುಖ್ಯ ವ್ಯಾಪಾರ ಅಲ್ಲ, ಬಿಟ್ಟರೂ ಅಂಗಡಿ ನಡೆಯುತ್ತದೆ. ಗೂಡಂಗಡಿ, ಬೀಡಾ ಅಂಗಡಿಯವರಿಗೆ ಲೈಸೆನ್ಸ್ ಕೊಡಲಿ, ಶುಲ್ಕ ತೀರಾ ಕಡಿಮೆ ಇರಲಿ. ಶಾಲೆ ಕಾಲೇಜಿನ ನೂರು ಮೀಟರ್ ಒಳಗಿರುವವರಿಗೆ ಬೇರೆ ಜಾಗ ಹುಡುಕಿಕೊಳ್ಳಲು ಪಾಲಿಕೆಯೇ ನೆರವಾಗಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿಗಳು ಇರುವುದೇ ಇಂಥ ಕೆಲಸಕ್ಕೆ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಮಾಡಿದ ಹಾಗೆ, ಒಬ್ಬರು ಬಿಟ್ಟರೆ ಆ ನಂಬರು ಅಲ್ಲಿಗೇ ಮುಗಿಯಲಿ. ಮಾರಲು, ಬಾಡಿಗೆಗೆ ಕೊಡಲು ಆಗಬಾರದು. ಹಂಗೇರಿಯಲ್ಲಿ ಆದ ತಪ್ಪು ಇಲ್ಲಿ ಆಗದಿರಲು ಇದು ಬೇಕು.

ಜಗಿಯುವ ತಂಬಾಕನ್ನು ಬಿಟ್ಟರೆ ಈ ಲೈಸೆನ್ಸ್ ಅರ್ಧಂಬರ್ಧ ಆಗುತ್ತದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಶೇ 22.8ರಷ್ಟು ಜನ ತಂಬಾಕು ಬಳಸುತ್ತಿದ್ದರು. ಅದಕ್ಕೆ ಏಳು ವರ್ಷ ಮೊದಲು ಇದು ಶೇ 28.2 ಇತ್ತು, ಇಳಿದದ್ದು ನಿಜ. ಆದರೆ ಸೇದುವವರು ಶೇ 8.8, ಜಗಿಯುವವರು ಶೇ 16.3. ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಪಾನ್ ಮಸಾಲಾ ಜೊತೆ ಬೆರೆಸುವ ತಂಬಾಕಿನ ಸ್ಯಾಚೆ. ಕಟ್ಟಡ ಕೆಲಸದವರು, ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಹೂ ಕಟ್ಟುವ ಅಮ್ಮಂದಿರು. ಹಸಿವು ಮರೆಯಲು, ನಿದ್ದೆ ತಡೆಯಲು ಅಂತ ಬಾಯಿಗೆ ಹಾಕಿಕೊಂಡದ್ದು ಕೊನೆಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ತಂದು ನಿಲ್ಲಿಸುತ್ತದೆ. 2013ರ ಗುಟ್ಕಾ ನಿಷೇಧ ಆಹಾರದಲ್ಲಿ ತಂಬಾಕು ಬೆರೆಸಬಾರದು ಅನ್ನುವ ನಿಯಮದ ಮೇಲೆ ನಿಂತಿತ್ತು. ಕಂಪನಿಗಳು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಪಕ್ಕಪಕ್ಕದಲ್ಲೇ ನೇತುಹಾಕಿಸಿದವು. ಕೊಂಡವರು ಕೈಯಲ್ಲೇ ಬೆರೆಸಿಕೊಳ್ಳುತ್ತಾರೆ. ಸಾಮಾನಿನ ಹೆಸರು ಹಿಡಿದು ಹೊರಟರೆ ಹೀಗೆ ಜಾರಿಕೊಳ್ಳುತ್ತದೆ. ಅಂಗಡಿಯನ್ನೇ ಹಿಡಿದರೆ, ತಂಬಾಕು ಯಾವ ರೂಪದಲ್ಲಿ ಬಂದರೂ ಅದೇ ನಂಬರಿನ ಅಡಿ ಬರುತ್ತದೆ.

ಮಾಮೂಲಿನ ಭಯ

ಲೈಸೆನ್ಸ್ ಅಂದರೆ ಸಣ್ಣ ಅಂಗಡಿಯವರು ಯಾಕೆ ಹೆದರುತ್ತಾರೆ ಅಂತ ನಗರದ ಎಲ್ಲರಿಗೂ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಏನಾಯಿತು? ಬೇಕರಿ, ಹಾಲಿನ ಅಂಗಡಿ, ಬೀಡಾ ಅಂಗಡಿಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಕೋಡ್ ಮಾಯವಾಯಿತು, ನಗದು ಮಾತ್ರ ಅನ್ನುವ ಬೋರ್ಡು ಬಂತು. ಆ ಗಾಯ ಇನ್ನೂ ಹಸಿಯಾಗಿದೆ. ಈಗ ಹೋಗಿ ಹೆಸರು ಬರೆಸಿ ಅಂದರೆ, ನಾಳೆ ಈ ಪಟ್ಟಿ ಇನ್ಯಾರ ಕೈಗೆ ಹೋಗುತ್ತದೋ ಅಂತ ಅವರು ಯೋಚಿಸುತ್ತಾರೆ. ಇನ್ನೊಂದು ಯೂನಿಫಾರ್ಮು, ಇನ್ನೊಂದು ಮಾಮೂಲು ಅಂತ ಹೆದರುತ್ತಾರೆ. ಈ ಭಯವನ್ನು ತಳ್ಳಿಹಾಕುವವರ ಜೊತೆ ನಾನು ಇಲ್ಲ. ಈ ಭಯಕ್ಕೆ ಉತ್ತರ ಕೊಡದ ಲೈಸೆನ್ಸ್ ಎರಡು ತಿಂಗಳೂ ಬಾಳುವುದಿಲ್ಲ.

ಉತ್ತರ ಇದೆ. ತಂಬಾಕು ಪಟ್ಟಿ ಆರೋಗ್ಯದ ಕೆಲಸಕ್ಕೆ ಮಾತ್ರ, ತೆರಿಗೆಗೆ ಬಳಸುವುದಿಲ್ಲ ಅಂತ ನಿಯಮದಲ್ಲೇ ಬರೆಯಬೇಕು. ಅರ್ಜಿ ಕನ್ನಡದಲ್ಲಿ, ಒಂದೇ ಪುಟ, ವಾರ್ಡ್ ಆಫೀಸಿನಲ್ಲೇ ಮುಗಿಯಬೇಕು. ಯಾವ ಅಂಗಡಿಗೆ ಯಾವಾಗ ತಪಾಸಣೆ ಆಯಿತು, ಏನು ಸಿಕ್ಕಿತು ಅನ್ನುವುದು ನಂಬರಿನ ಜೊತೆ ಜನರಿಗೆ ಕಾಣುವ ಹಾಗೆ ಇರಬೇಕು. ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದರೆ ಕೈ ಬೆಚ್ಚಗೆ ಮಾಡಲು ಜಾಗ ಕಡಿಮೆ ಆಗುತ್ತದೆ. ನಿಜ ಹೇಳಬೇಕೆಂದರೆ ಮಾಮೂಲು ಈಗಲೇ ಜಾಸ್ತಿ. ಎಲ್ಲರೂ ಬಿಡಿ ಮಾರುತ್ತಾರೆ, ಎಲ್ಲರೂ ತಪ್ಪಿನಲ್ಲಿ ಇರುತ್ತಾರೆ. ಯಾವಾಗ ಯಾರು ಬಂದರೂ ಕೈ ಚಾಚಬಹುದು. ನಿಯಮ ಪಾಲಿಸಿದ ಅಂಗಡಿಯವರು ತೋರಿಸಿ ಬಾಯಿ ಮುಚ್ಚಿಸಲು ಅವರ ಕೈಯಲ್ಲಿ ಒಂದು ಕಾಗದವೂ ಇಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಹೆಸರೂ ಈ ಚರ್ಚೆಯಲ್ಲಿ ಬರುತ್ತದೆ. ಅವರ ಎಲೆಯ ದೊಡ್ಡ ಪಾಲು ತಂಬಾಕು ಮಂಡಳಿಯ ಹರಾಜಿನಿಂದ ವಿದೇಶಕ್ಕೆ ಹೋಗುತ್ತದೆ. ನಮ್ಮ ಬೇಕರಿಯಲ್ಲಿ ಸಿಗರೇಟು ಇರಬೇಕಾ ಬೇಡವಾ ಅನ್ನುವುದಕ್ಕೆ ಅವರನ್ನು ಗುರಾಣಿ ಮಾಡುವುದು ಸರಿಯಲ್ಲ. ಅವರಿಗೆ ಬೇರೆ ಬೆಳೆಯ ದಾರಿ ತೋರಿಸುವುದು ಬೇರೆಯೇ ದೊಡ್ಡ ಕೆಲಸ.

ಗೂಡಂಗಡಿಯನ್ನು ಬಿಗಿ ಹಿಡಿದು ಮೊಬೈಲನ್ನು ಬಿಟ್ಟರೆ ಅದು ದೊಡ್ಡ ಅನ್ಯಾಯ. ಬೆಂಗಳೂರಿನಲ್ಲಿ ಈಗ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸಿಗರೇಟು ಬರುತ್ತದೆ. ಟೊಮೆಟೊ, ಮೊಸರು, ಸಿಗರೇಟು, ಲೈಟರ್, ಎಲ್ಲ ಒಂದೇ ಚೀಲದಲ್ಲಿ. ವಯಸ್ಸು ಎಷ್ಟು ಅಂತ ಪರದೆ ಕೇಳುತ್ತದೆ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಬಾಗಿಲು ತೆರೆದವರು ಹದಿನಾರರ ಹುಡುಗನಾದರೆ ಡೆಲಿವರಿ ಹುಡುಗ ಏನು ಮಾಡಬೇಕು? ಅವನ ಕಣ್ಣು ಗಡಿಯಾರದ ಮೇಲೆ. ಸಾಮಾನು ವಾಪಸ್ ಒಯ್ದರೆ ಅವನಿಗೇ ನಷ್ಟ. ಲೈಸೆನ್ಸ್ ಬೇಕಾದದ್ದು ಆ ಹುಡುಗನಿಗೆ ಅಲ್ಲ, ಸಾಮಾನು ಹೊರಡುವ ಗೋದಾಮಿಗೆ. ಒಂದೊಂದು ಗೋದಾಮಿಗೂ ಬೇರೆ ನಂಬರು, ಗೂಡಂಗಡಿಗಿಂತ ಹಲವು ಪಟ್ಟು ಶುಲ್ಕ, ಗುರುತಿನ ಚೀಟಿ ನೋಡದೆ ಕೊಟ್ಟರೆ ಆ ಗೋದಾಮಿನ ತಂಬಾಕು ಲೈಸೆನ್ಸ್ ರದ್ದು. ತಪಾಸಣೆ ಸಿಬ್ಬಂದಿಯ ಸಂಬಳಕ್ಕೆ ಬೇಕಾದ ಹಣ ಇವರಿಂದ ಬರಬೇಕು, ಮೂಲೆಯ ಅಜ್ಜಿಯ ಪೆಟ್ಟಿಗೆ ಅಂಗಡಿಯಿಂದ ಅಲ್ಲ.

ಇದನ್ನು ಮಾಡುವವರು ಯಾರು ಅನ್ನುವುದಕ್ಕೆ ಉತ್ತರ 2025ರಲ್ಲಿ ಬದಲಾಯಿತು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆಗಳು. ಐದೂ ಬೇರೆ ಬೇರೆ ನಿಯಮ ಮಾಡಿದರೆ ರಸ್ತೆಯ ಈ ಬದಿ ಲೈಸೆನ್ಸ್, ಆ ಬದಿ ಇಲ್ಲ ಅನ್ನುವ ಹಾಗಾಗುತ್ತದೆ. ಬೇಕರಿಯವರು ಹೇಳಿದ "ಪಕ್ಕದ ಅಂಗಡಿ" ಪಕ್ಕದ ಪಾಲಿಕೆಯಲ್ಲಿ ಇರುತ್ತದೆ. ಅದಕ್ಕೇ ರಾಜ್ಯ ಸರ್ಕಾರವೇ ಒಂದು ನಿಯಮ ಬರೆದು, ಐದಕ್ಕೂ ಒಂದೇ ದಿನ ಜಾರಿ ಮಾಡಬೇಕು. ಮೊದಲ ಆರು ತಿಂಗಳು ದಂಡ ಬೇಡ, ಶುಲ್ಕವೂ ಬೇಡ. ವಾರ್ಡಿನ ಆರೋಗ್ಯ ಸಿಬ್ಬಂದಿ ಬೀದಿ ಬೀದಿ ನಡೆದು ಹೆಸರು ಬರೆದುಕೊಂಡು ಬರಲಿ. ಸೇಲ್ಸ್‌ಮನ್ ವಾರಕ್ಕೆರಡು ಸಲ ನಡೆಯುವ ಅದೇ ಬೀದಿಗಳು. ನಮ್ಮ ದಾರಿಯ ಒಂಬತ್ತು ಅಂಗಡಿ ಬರೆದುಕೊಳ್ಳಲು ನನಗೆ ಹಿಡಿದದ್ದು ಹತ್ತು ನಿಮಿಷ.